ಮಡ್‌ಗಾರ್ಡಿನ ಮೇಲಿನ ಹೆಸರು

ಕೊಯ್ದ ಕಬ್ಬಿಣದ ಬಿಸಿ ವಾಸನೆ ಬಂದರೆ ಇವತ್ತಿಗೂ ನನ್ನ ಹಲ್ಲು ಜುಮ್ಮೆನ್ನುತ್ತವೆ.

ಬೈಲಹೊಂಗಲದ ನಮ್ಮ ಮನೆಯಂಗಳ, ಮಧ್ಯಾಹ್ನ. ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನ ಮೋಟರ್‌ಸೈಕಲ್ಲು ಅವನ ತಮ್ಮನ ಪಾಲಾಗಿತ್ತು. ಆ ಕಾಕಾ ಹಿಂದಿನ ಮಡ್‌ಗಾರ್ಡ್ ಬಿಚ್ಚಿ, ಗೋಣಿಚೀಲದ ಮೇಲಿಟ್ಟು, ಕಾಲಿನಿಂದ ಒತ್ತಿ ಹಿಡಿದು ಗರಗಸ ಎಳೆಯುತ್ತಿದ್ದ. ಕೆಂಪು ಬಣ್ಣದ ಪುಡಿ ಅವನ ಹೆಬ್ಬೆರಳಿಗೆ ಕುಂಕುಮದಂತೆ ಅಂಟಿತ್ತು. ಕೊಯ್ಯುತ್ತಿದ್ದ ತುದಿಯಲ್ಲಿ, ನಾನು ಹುಟ್ಟಿದಾಗ ಅಪ್ಪ ಪೇಂಟರನಿಂದ ಬರೆಸಿದ್ದ ನನ್ನ ಹೆಸರಿತ್ತು.

"ಅಷ್ಟು ಕೊಯ್ಯಬ್ಯಾಡ್ರಿ, ಹುಡುಗಿ ಹೆಸರೈತಿ," ಎಂದಳು ಅವ್ವ, ಬಾಗಿಲ ಮರೆಯಿಂದ.

"ಈಗ ಗಿಡ್ಡ ಮಡಗಾರ್ಡಿಂದ ಫ್ಯಾಶನ್ ಐತ್ರಿ ವೈನಿ," ಎಂದ ಕಾಕಾ. ಗರಗಸ ನಿಲ್ಲಲಿಲ್ಲ.

ಕಟ್ಟೆಯ ಮೇಲಿದ್ದ ಆಯಿ, ಅಪ್ಪನ ತಾಯಿ, "ನಾಳೆ ಲಗ್ನಾಗಿ ಹೋಗು ಹುಡುಗಿ ಹೆಸರು ಗಾಡಿ ಮ್ಯಾಲ ಯಾಕ ಬೇಕು?" ಎಂದಳು. ತುಂಡು ಬಿದ್ದ ಕೂಡಲೇ ಎತ್ತಿಕೊಂಡು ಹೋಗಿ ಬಚ್ಚಲಿನ ಹೆಗ್ಗಣದ ತೂತಿಗೆ ಅಡ್ಡ ಇಟ್ಟಳು. ಹೆಸರು ತೂತಿನ ಕಡೆಗೆ ತಿರುಗಿತ್ತು.

ಮರುವಾರ, ಮಳೆಯಾದ ಮೇಲೆ, ಕಾಕಾ ಅವ್ವನನ್ನೂ ನನ್ನನ್ನೂ ಅದೇ ಗಾಡಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಅವ್ವ ನೇಸರಗಿಯ ತವರಿಗೆ ಹೊರಟಿದ್ದಳು. ತಿರುಗಿ ಬರುವ ಮಾತನ್ನು ಯಾರೂ ಎತ್ತಲಿಲ್ಲ. ಗಿಡ್ಡ ಮಡ್‌ಗಾರ್ಡಿನ ಕೆಳಗಿನ ಗಾಲಿ ದಾರಿಯುದ್ದಕ್ಕೂ ಅವಳ ಬೆನ್ನಿಗೆ ಎರೆಮಣ್ಣಿನ ಕೆಸರು ಎರಚಿತ್ತು.

ಬಸ್ಸಿನಲ್ಲಿ ನಾನು ಲಂಗದ ಅಂಚಿನಿಂದ ಒರೆಸಲು ಹೋದೆ. ಅವ್ವ ಕೈ ಹಿಡಿದಳು.

"ಒರಸಬ್ಯಾಡ. ಹಂಗ ಇರ್ಲಿ. ನನ್ನ ಎಂಥಾ ಮನಿಗಿ ಕೊಟ್ಟಿದ್ದ ಅಂತ ನಮ್ಮಪ್ಪ ನೋಡ್ಲಿ."