ಕಾಶಾನಿನ ಕರಿ ಬಿಲ್ಲೆಗಳು

ಉಸ್ತಾದ್ ರುಕ್ನುದ್ದೀನ್ ಎರಡು ಬೆರಳಿನಿಂದ ಫರಾಮರ್ಜನ ಗದ್ದ ಎತ್ತಿದ. ಬೆಳಕಿಗೆ ತಿರುಗಿಸಿದ. ಕಣ್ಣು ಕಿರಿದು ಮಾಡಿ ಕತ್ತಿನ ತನಕ ನೋಡಿದ.

"ಎಡಗಡೆ ಸ್ವಲ್ಪ ಜಾಸ್ತಿ ಇದೆ," ಎಂದು ತನಗೆ ತಾನೇ ಗೊಣಗಿಕೊಂಡ. ಆಮೇಲೆ ಗಟ್ಟಿಯಾಗಿ, "ಎಷ್ಟು ವರ್ಷದಿಂದ ಈ ಕಸುಬು?"

"ಹದಿನಾರು ವರ್ಷ, ಉಸ್ತಾದ್."

ಹದಿನಾರು ವರ್ಷದಿಂದ ಫರಾಮರ್ಜ್ ಮಾಡಿಕೊಂಡು ಬಂದದ್ದು ಬುಲ್‌ಬುಲ್ ಹಕ್ಕಿ ಹಿಡಿದು ಮಾರುವ ಕೆಲಸ. ಅವನು ಮಣ್ಣು ಮುಟ್ಟಿದ್ದು ಬಲೆಯ ಗೂಟ ನೆಡುವಾಗ ಮಾತ್ರ.

ಆದರೆ ಮಂಗೋಲರ ಲೆಕ್ಕದಲ್ಲಿ ಗಂಡಸರು ಎರಡೇ ಬಗೆ. ಕಸುಬು ಬಲ್ಲವನು ಕಾಶಾನ್ ಊರಲ್ಲೇ ಉಳಿದು ಖಾನನ ಹೊಸ ಅರಮನೆಗೆ ಗೋಡೆಬಿಲ್ಲೆ ಮಾಡಬೇಕು. ಉಳಿದವರು ದಂಡಿನ ಜೊತೆ ಹೋಗಿ ಯಾವುದೋ ಕೋಟೆಯ ಕಂದಕ ತುಂಬಬೇಕು. ಕಂದಕಕ್ಕೆ ಮಣ್ಣು ಸಾಲದೆ ಹೋದರೆ ಹೊತ್ತು ತಂದವನನ್ನೂ ಸೇರಿಸುತ್ತಿದ್ದರು. ಹಾಗಾಗಿ ಪಟ್ಟಿ ಬರೆಯುವವನು ಬಾಗಿಲಿಗೆ ಬಂದಾಗ ಫರಾಮರ್ಜ್ ಹಿಂದುಮುಂದು ನೋಡದೆ, "ಬಂಗಾರದ ಹೊಳಪಿನ ಬಿಲ್ಲೆ ಮಾಡುವವನು," ಅಂದುಬಿಟ್ಟ. ಪರೀಕ್ಷೆ ಇರುತ್ತದೆಂದು, ಅದಕ್ಕೆ ಮಂಗೋಲರು ಈ ಉಸ್ತಾದನನ್ನು ಕಳಿಸುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ.

ಕಾಪಾಡಿದವಳು ಅತ್ತೆ ಗುಲಂದಾಮ್. ಅವಳ ಗಂಡ ನಿಜವಾದ ಬಿಲ್ಲೆಗಾರ, ತೀರಿಕೊಂಡು ಎರಡು ವರ್ಷವಾಗಿತ್ತು. ಅತ್ತೆ ಬಿಲ್ಲೆ ಸುಡುವ ಆವಿಗೆಯನ್ನು ಬಿಟ್ಟುಕೊಟ್ಟಳು. ಎಂಟು ಮೂಲೆಯ ಬಿಲ್ಲೆಗಳ ಮೇಲೆ, ಖಾನನ ಕಡೆಯವರಿಗೆ ಪ್ರೀತಿಯಾದ ಚೀನಾದ ಘಟಸರ್ಪಗಳನ್ನು ತಾನೇ ಬರೆದುಕೊಟ್ಟಳು.

"ಮೂರು ದಿನ ಸಣ್ಣ ಉರಿ, ಹೊಗೆ ಜಾಸ್ತಿ. ತಣ್ಣಗಾದ ಮೇಲೆ ಬಾಯಿ ಒಡಿ. ಅಷ್ಟೇ ಕಣೋ. ಕತ್ತೆನೂ ಮಾಡುತ್ತೆ."

"ಕತ್ತೆಗೆ ಪರೀಕ್ಷೆ ಇಲ್ಲವಲ್ಲ ಅತ್ತೆ."

ಆ ಮೂರು ದಿನವೂ ಮುದುಕ ರುಕ್ನುದ್ದೀನ್ ಆವಿಗೆಯ ಎದುರಿಗೇ ಕೂತ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸೊಂಟದಿಂದ ತೆಳ್ಳನೆಯ ಚಾಕು ತೆಗೆದು ಚರ್ಮದ ಪಟ್ಟಿಯ ಮೇಲೆ ಅತ್ತಿಂದಿತ್ತ, ಇತ್ತಿಂದತ್ತ ಎಳೆಯುತ್ತಿದ್ದ. ನಡುನಡುವೆ ಫರಾಮರ್ಜನ ಕತ್ತಿನತ್ತ ನೋಡುತ್ತಿದ್ದ. ಬೀದಿಯವರು ಬಾಗಿಲ ಸಂದಿಯಿಂದ ಇಣುಕಿ ಪಿಸುಗುಟ್ಟಿದರು: ಇವನು ಬೇಡವೆಂದು ತಳ್ಳಿದ ಒಬ್ಬನೇ ಒಬ್ಬ ಕುಂಬಾರನನ್ನೂ ಇವತ್ತಿನವರೆಗೆ ಯಾರೂ ಕಂಡಿಲ್ಲವಂತೆ. ಫರಾಮರ್ಜನಿಗೆ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಂಗೋಲರ ಸರದಾರ ತೊಗಾಯ್ ಕುದುರೆ ಇಳಿದು ಒಳಗೆ ಬಂದ. ಫರಾಮರ್ಜ್ ಬಿಸ್ಮಿಲ್ಲಾ ಹೇಳಿ ಆವಿಗೆಯ ಬಾಯಿಯ ಇಟ್ಟಿಗೆ ಕಿತ್ತ. ಮೊದಲ ಬಿಲ್ಲೆ ಹೊರಗೆಳೆದ.

ಕಪ್ಪು. ಹಳೆಯ ಕಾವಲಿಯ ತಳದಂಥ ಕಪ್ಪು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಘಟಸರ್ಪದ ಬಾಲವೂ ಕಾಣಲಿಲ್ಲ.

"ಇದೇನಿದು?" ಎಂದ ತೊಗಾಯ್. "ನಾನು ಬಂಗಾರ ಕೇಳಿದ್ದೆ."

ರುಕ್ನುದ್ದೀನ್ ಬಿಲ್ಲೆ ಕೈಗೆತ್ತಿಕೊಂಡ. ತಿರುಗಿಸಿ ಮುರುಗಿಸಿ ನೋಡಿದ. ಬಿಲ್ಲೆಯಿಂದ ಕಣ್ಣು ಎತ್ತಿ ಫರಾಮರ್ಜನ ಮುಖ ನೋಡಿದ.

"ಉತ್ತಮ ಕೆಲಸ," ಎಂದ.

ಫರಾಮರ್ಜನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ.

"ಕಾಶಾನಿನ ಬಂಗಾರ ಹೀಗೇ ಸರದಾರರೇ, ಹೊಸ ಮದುಮಗಳ ಥರ. ಮೊದಲು ಮುಖ ತೋರಿಸಲ್ಲ."

"ಯಾವಾಗ ತೋರಿಸುತ್ತೆ?"

"ನಾಳೆ."

"ನಾನಿರೋದು ಇವತ್ತು," ಎಂದ ತೊಗಾಯ್. "ಈಗಲೇ ತೋರಿಸು."

ಮುದುಕ ಬಿಲ್ಲೆಯನ್ನು ಮೆಲ್ಲಗೆ ಕೆಳಗಿಟ್ಟು ಆವಿಗೆಯ ಕಡೆ ತಿರುಗಿದ. ಅಷ್ಟರಲ್ಲಿ ಪರದೆ ಸರಿಯಿತು. ಮುಸುಕು ಎಳೆದುಕೊಂಡ ಅತ್ತೆ ಮಣ್ಣಿನ ಬಟ್ಟಲೊಂದನ್ನು ಹಿಡಿದು ಹೊರಗೆ ಬಂದಳು.

"ಉಜ್ಜೋಕೆ ಒದ್ದೆ ಮಣ್ಣು ಕೇಳಿದ್ಯಲ್ಲೋ, ತಗೋ. ಮುದುಕಿ ಕಾಲು, ತಡ ಆಯ್ತು."

ಫರಾಮರ್ಜ್ ಏನನ್ನೂ ಕೇಳಿರಲಿಲ್ಲ. ಆದರೂ ಮಣ್ಣು ತೆಗೆದುಕೊಂಡು ಉಜ್ಜಿದ. ಮಸಿ ಕಿತ್ತು ಬಂತು. ಅದರಡಿಯಿಂದ ಮೊದಲು ಒಂದು ಉಗುರು, ಆಮೇಲೆ ಮೀಸೆ, ಆಮೇಲೆ ಬಿಸಿಲಿಗೆ ಧಗಧಗ ಹೊಳೆಯುವ ಇಡೀ ಘಟಸರ್ಪ ಎದ್ದುಬಂತು. ತೊಗಾಯ್ ತೊಡೆ ತಟ್ಟಿ ನಕ್ಕ. ಫರಾಮರ್ಜನ ಹೆಸರನ್ನು ಕಸುಬಿನವರ ಪಟ್ಟಿಗೆ ಏರಿಸಿ ಕುದುರೆ ಹತ್ತಿ ಹೋದ.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ಅತ್ತೆ? ಜೀವ ಬಾಯಿಗೆ ಬಂದಿತ್ತು."

"ಅನ್ನ ಬೆಂದ ಮೇಲೆ ಮುಚ್ಚಳ ತೆಗಿ ಅಂತ ಯಾರಾದ್ರೂ ಹೇಳ್ತಾರೇನೋ? ಈ ಬೀದಿಯ ಕೂಸಿಗೂ ಗೊತ್ತಿರೋ ವಿಷಯ," ಎಂದು ಅತ್ತೆ ಒಳಗೆ ನಡೆದಳು.

ಫರಾಮರ್ಜ್ ಓಡಿಹೋಗಿ ಮುದುಕನ ಅಂಗಿಯ ಅಂಚಿಗೆ ಮುತ್ತಿಟ್ಟ. ಕಣ್ಣಲ್ಲಿ ನೀರು ಬಂದಿತ್ತು. "ನೀವು ನಿಜವಾದ ಉಸ್ತಾದರು. ಮಸಿಯ ಕೆಳಗೆ ಬಂಗಾರ ಇರೋದು ನಿಮಗೊಬ್ಬರಿಗೇ ಕಾಣಿಸ್ತು. ನಿಮ್ಮ ಹತ್ತಿರ ಮುಚ್ಚಿಡೋದು ಪಾಪ. ನಾನು ಹಕ್ಕಿ ಹಿಡಿಯೋನು."

ರುಕ್ನುದ್ದೀನ್ ಆಗಲೇ ನೆಲದ ಮೇಲೆ ಕುಸಿದು ಕೂತಿದ್ದ. ಇನ್ನೊಂದು ಬಿಲ್ಲೆಯನ್ನು ತಾನೂ ಹೆಬ್ಬೆರಳಿನಿಂದ ಉಜ್ಜಿ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಮೆಲ್ಲಗೆ ಮಾತಾಡು," ಎಂದ. "ಪೂರ್ತಿ ಕರಕಲಾಯ್ತು ಅಂತಲೇ ನಾನೂ ಅಂದ್ಕೊಂಡಿದ್ದೆ. ಇಷ್ಟು ದಿನ ಬರೀ ಇಟ್ಟಿಗೆ ಮಾಡೋರನ್ನ ಪರೀಕ್ಷೆ ಮಾಡ್ಕೊಂಡು ಹೇಗೋ ಕಾಲ ಹಾಕಿದೆ, ಒಬ್ಬನಿಗೂ ಬೇಡ ಅಂದವನಲ್ಲ. ನಮ್ಮ ತೂಸ್ ಊರು ಮಂಗೋಲರ ಕೈಗೆ ಬಿದ್ದ ದಿನ ಅವರು ಕುಂಬಾರರು ಯಾರು ಅಂತ ಕೂಗಿದ್ರು, ಪಕ್ಕದವನು ಕೈ ಎತ್ತಿದ, ನಾನೂ ಎತ್ತಿಬಿಟ್ಟೆ."

"ಮತ್ತೆ ನಿಮ್ಮ ಕಸುಬು?"

"ಕ್ಷೌರ ಕಣಪ್ಪ."