ವಾಕರಿಕೆಯ ಪಾಳಿ

ಬಸುರಿಯ ವಾಕರಿಕೆಯನ್ನು ಮನೆಯವರೂ ಪಾಳಿಯ ಮೇಲೆ ಹೊರುವುದು ಈಗ ಎಲ್ಲ ಕಡೆ ರೂಢಿ. ಅಂಗೈಗೆ ಅಂಗೈ ಒತ್ತಿದರೆ ಸಾಕು, ಅದು ದಾಟಿಬಿಡುತ್ತದೆ. ನಾಗವೇಣಿ ಮಾತ್ರ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ.

“ಕೊಡವ್ವ, ಇವತ್ತು ನನ್ ಪಾಳಿ. ನೀ ಒಂದೀಟು ರೊಟ್ಟಿ, ಹೆಸರುಕಾಳು ಪಲ್ಯ ತಿನ್ನು. ಬರೀ ಗಾಳಿ ಕುಡ್ದು ಕೂಸು ಬೆಳೀತದಾ?” ಎಂದರು ಅತ್ತೆ ಹಾಲಮ್ಮ.

“ಹೋದ ಸಲ ವಾಕರಿಕೆ ನಿಂತ ದಿನಾನೇ ಕೂಸೂ ಹೋತಲ್ಲ ಅತ್ತೆ. ಇದು ಇದ್ರೆ ಅದೂ ಐತಿ ಅಂತ ಧೈರ್ಯ ನಂಗೆ.”

ಹಾಲಮ್ಮ ಕೈ ಚಾಚಿದರು. ನಾಗವೇಣಿ ಕೊನೆಗೂ ಅಂಗೈ ಒತ್ತಿದಳು. ಹೊಟ್ಟೆ ತಿಳಿಯಾಯಿತು, ಅವಳು ಗಾಬರಿಯಿಂದ ಅದರ ಮೇಲೆ ಕೈ ಇಟ್ಟುಕೊಂಡಳು.

ಅಷ್ಟರಲ್ಲಿ ಹಾಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಬಚ್ಚಲಿಗೆ ಓಡಿದರು. ಕಕ್ಕುವ ಸದ್ದಿನ ನಡುವೆಯೇ ಅವರ ದನಿ ಬಂತು: “ಐತವ್ವ, ಗಟ್ಟಿಯಾಗೇ ಐತಿ. ನಿನ್ ಗಂಡ ಸೈತ ನನ್ನ ಇಷ್ಟು ಕಾಡಿರಲಿಲ್ಲ.”