ಐದು ತಿಂಗಳ ಸಿಲಿಂಡರ್

"ಎದುರು ಮನೆಯವರ ಸಿಲಿಂಡರ್ ಐದು ತಿಂಗಳು ಬರತ್ತೆ. ನಿಂದು ಇಪ್ಪತ್ತೆಂಟು ದಿನಕ್ಕೇ ಖಾಲಿ. ನೋಡಿ ಕಲಿ," ಎಂದರು ನಮ್ಮ ಯಜಮಾನರು.

"ನಿಮ್ಮ ಕ್ಯಾರಿಯರ್‌ಗೆ ಈಗ ಎರಡು ಡಬ್ಬಿ ಜಾಸ್ತಿ ಅಲ್ವಾ?"

"ಆಫೀಸಲ್ಲಿ ಹಸಿವಾಗತ್ತೆ ಕಣೇ."

ಎದುರು ಮನೆಯವಳು ಇವರ ಆಫೀಸಿನವಳೇ. ಒಬ್ಬಳೇ ಇರುತ್ತಾಳೆ. ಅವಳ ಹೆಸರೆತ್ತಿದರೆ ನನಗೆ ಮೈಯೆಲ್ಲ ಉರಿ. ಅವಳು ಬಂದು ವರ್ಷವಾದರೂ ನಮ್ಮ ಅಡುಗೆಮನೆಯಿಂದ ಒಂದು ಚಮಚ ಹೆಪ್ಪು ಕೂಡ ಕೊಟ್ಟವಳಲ್ಲ ನಾನು. ಆದರೂ ಆ ಗುಟ್ಟು ತಿಳಿಯದೆ ನಿದ್ದೆ ಬರುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ಹೋಗಿ ಬಾಗಿಲು ತಟ್ಟಿದೆ.

"ಗ್ಯಾಸ್ ಹೇಗ್ರೀ ಉಳಿಸ್ತೀರಿ?"

"ಅಂಥದ್ದೇನಿಲ್ಲ ಅಕ್ಕ. ಬೇಳೆ ನೆನೆಹಾಕಿ ಬೇಯಿಸ್ತೀನಿ. ಪಾತ್ರೆಗೆ ಮುಚ್ಚಳ ಮುಚ್ತೀನಿ. ಕುದಿ ಬಂದ ತಕ್ಷಣ ಉರಿ ಸಣ್ಣ ಮಾಡ್ತೀನಿ."

"ಅದೆಲ್ಲ ನಾನೂ ಮಾಡ್ತೀನಿ," ಎಂದೆ ಬಿಗುವಾಗಿ.

ಅವಳು ಪಾಪ, ನನಗೋಸ್ಕರ ಒಂದು ಕ್ಷಣ ಯೋಚಿಸಿದಳು.

"ಹಾಗಾದ್ರೆ ಬೆಲ್ಲದಲ್ಲಿ ಉಳಿಸಿ ಅಕ್ಕ. ಮೊನ್ನೆ ಹಾಗಲಕಾಯಿ ಗೊಜ್ಜಿಗೆ ಅಷ್ಟೊಂದು ಸುರಿದಿದ್ರಲ್ಲ, ಅದರಲ್ಲಿ ಅರ್ಧ ಸಾಕು."